ಸಮವಸ್ತ್ರದ ಮರ್ಯಾದೆ

ಗಣರಾಜ್ಯದಿನದ ಬೆಳಗ್ಗೆ ನಿಮ್ಮ ಊರಿನ ಪೆರೇಡು ಮೈದಾನಕ್ಕೆ ಹೋಗುವ ರೂಢಿ ನಿಮಗಿದ್ದರೆ, ಪೋಲೀಸರ ಜತೆಯಲ್ಲಿ ಖಾಕಿ ತೊಟ್ಟು ಸಾಗುವ ಗೃಹರಕ್ಷಕರ ಸಾಲನ್ನು ನೀವು ನೋಡಿಯೇ ಇರುತ್ತೀರಿ. ಹಿಂದಿನ ಸಂಜೆಯವರೆಗೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವರು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಗ್ಯಾರೇಜಿನಲ್ಲಿ ಗಾಡಿ ಬಿಚ್ಚುತ್ತಿದ್ದವರು ಆ ಸಾಲಿನಲ್ಲಿರುತ್ತಾರೆ. ಅವರಲ್ಲಿ ಕೆಲವರ ಎಡ ಎದೆಯ ಮೇಲೆ, ಜೇಬಿನ ಅಂಚಿಗೆ ಸರಿಯಾಗಿ, ಬಣ್ಣಬಣ್ಣದ ಸಣ್ಣ ಪಟ್ಟಿಗಳು ಕಾಣುತ್ತವೆ. ನೋಡುವವರಲ್ಲಿ ಬಹುಮಂದಿ ಅದನ್ನು ಅಲಂಕಾರವೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಅದೊಂದು ಬರಹ. ಓದಬಲ್ಲವರಿಗೆ ಆ ಪಟ್ಟಿ, ಈ ಮನುಷ್ಯ ಯಾವ ದಳದವನು, ಎಷ್ಟು ಕಾಲ ದುಡಿದ, ಯಾವ ಸಂದರ್ಭದಲ್ಲಿ ಪ್ರಾಣದ ಹಂಗು ತೊರೆದ ಎಂಬುದನ್ನು ಹೇಳುತ್ತದೆ. ಬರಹವೆಂದ ಮೇಲೆ ಅದರಲ್ಲಿ ಕಾಗುಣಿತದ ತಪ್ಪೂ ಆಗಬಹುದು, ಸುಳ್ಳೂ ಸೇರಬಹುದು. ಈ ಬರಹವನ್ನು ತಪ್ಪಿಲ್ಲದೆ, ಸುಳ್ಳಿಲ್ಲದೆ ಬರೆಯುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಸಮವಸ್ತ್ರ ತೊಡುವವರಿಗೆ ಬೇಕಾದ ಮಾತು ಇದು, ನಮಗೇಕೆ ಎಂದು ನೀವು ಕೇಳಬಹುದು. ಆದರೆ ಆ ಅಂಗಿಗೆ ಇಸ್ತ್ರಿ ಹಾಕುವುದು ಮನೆಯಲ್ಲಿಯೇ ಅಲ್ಲವೇ? ಬೀರುವಿನೊಳಗಿನ ಡಬ್ಬಿಯಿಂದ ಪದಕವನ್ನು ತೆಗೆದುಕೊಡುವುದು ಮನೆಯವರೇ ಅಲ್ಲವೇ? ನಿಮ್ಮ ಮನೆಯಲ್ಲಿ ಗೃಹರಕ್ಷಕರಿಲ್ಲದೆ ಇರಬಹುದು. ಆದರೆ ಮಗ ಎನ್.ಸಿ.ಸಿ.ಯಲ್ಲಿದ್ದಾನು, ಮಗಳು ಗೈಡ್ಸ್ ದಳ ಸೇರಿದ್ದಾಳು, ಅಜ್ಜನ ಕಾಲದ ಪದಕವೊಂದು ಪೆಟ್ಟಿಗೆಯ ತಳದಲ್ಲಿ ಮಲಗಿದ್ದೀತು. ಇವೆಲ್ಲಕ್ಕೂ ಹತ್ತಿರಹತ್ತಿರ ಒಂದೇ ಧರ್ಮ.

ಸಮವಸ್ತ್ರದ ಬೆಲೆ ತಿಳಿಯಬೇಕಾದರೆ ಅದು ಇಲ್ಲದೆ ಹೋದ ಸಂದರ್ಭವನ್ನು ನೋಡಬೇಕು. 1940ರ ಮೇ 14ರ ಸಂಜೆ ಬ್ರಿಟನ್ನಿನ ಯುದ್ಧಮಂತ್ರಿ ಆಂಥೊನಿ ಈಡನ್ ರೇಡಿಯೋದಲ್ಲಿ ಮಾತನಾಡಿ, ಸೈನ್ಯಕ್ಕೆ ಸೇರದ ಪುರುಷರು ತಮ್ಮ ತಮ್ಮ ಊರಿನ ರಕ್ಷಣೆಗೆ ಸ್ವಯಂಸೇವಕರಾಗಿ ಬರಬೇಕೆಂದು ಕರೆಕೊಟ್ಟರು. ಒಂದು ವಾರ ತುಂಬುವುದರೊಳಗೆ ಸುಮಾರು 2,50,000 ಮಂದಿ ಹೆಸರು ಬರೆಸಿದರು. ಜನವೇನೋ ಬಂದರು, ಆದರೆ ಅವರಿಗೆ ಕೊಡಲು ಸರ್ಕಾರದ ಬಳಿ ಬಂದೂಕೂ ಇಲ್ಲ, ಬಟ್ಟೆಯೂ ಇಲ್ಲ. ಮೊದಮೊದಲು ಅವರಿಗೆ ಕೊಟ್ಟದ್ದು ತೋಳಿಗೆ ಕಟ್ಟಿಕೊಳ್ಳುವ ಒಂದು ಬಟ್ಟೆಯ ಪಟ್ಟಿ. ಅದರ ಮೇಲೆ ದಳದ ಹೆಸರಿನ ಮೂರು ಅಕ್ಷರಗಳು.

ಆ ತೋಳುಪಟ್ಟಿಯನ್ನು ಕಂಡು ನಕ್ಕವರೂ ಉಂಟು. ಆದರೆ ಅದರ ಹಿಂದೆ ಗಂಭೀರವಾದ ಕಾರಣವಿತ್ತು. ಯುದ್ಧದ ನಿಯಮಗಳನ್ನು ಕುರಿತು 1907ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದವು ಸ್ವಯಂಸೇವಕ ದಳದವರಿಗೆ ಸೈನಿಕರ ಹಕ್ಕುಗಳನ್ನು ಕೊಡುವುದಕ್ಕೆ ನಾಲ್ಕು ಷರತ್ತುಗಳನ್ನು ಹೇಳಿತ್ತು. ಅವರಿಗೆ ಹೊಣೆಹೊರುವ ಒಬ್ಬ ನಾಯಕನಿರಬೇಕು; ದೂರದಿಂದ ಗುರುತಿಸಬಹುದಾದ ಸ್ಥಿರವಾದ ಚಿಹ್ನೆಯೊಂದನ್ನು ಅವರು ಧರಿಸಿರಬೇಕು; ಆಯುಧಗಳನ್ನು ಬಹಿರಂಗವಾಗಿ ಹಿಡಿದಿರಬೇಕು; ಯುದ್ಧದ ನಿಯಮಗಳಿಗೆ ಬದ್ಧರಾಗಿ ನಡೆಯಬೇಕು. ಚಿಹ್ನೆಯಿದ್ದವನು ಸೆರೆಸಿಕ್ಕರೆ ಯುದ್ಧಕೈದಿ. ಇಲ್ಲದವನು ಬರಿಯ ಕಾನೂನುಬಾಹಿರ, ಅವನನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರೆ ಕೇಳುವವರಿಲ್ಲ. ಒಂದು ಗೇಣು ಬಟ್ಟೆಯ ಮೇಲೆ ಒಂದು ಜೀವ ನಿಂತಿತ್ತು. 1940ರ ಜುಲೈನಲ್ಲಿ ಆ ದಳಕ್ಕೆ ‘ಹೋಂ ಗಾರ್ಡ್’ ಎಂದು ಹೆಸರಾಯಿತು. ಬರಬರುತ್ತ ಸೈನಿಕರಂಥ ಉಡುಪೂ ಬಂದಿತು. ಭುಜದ ಮೇಲೆ ಮಾತ್ರ ದಳದ ಹೆಸರು ಬೇರೆಯಾಗಿಯೇ ಉಳಿಯಿತು. ಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಯುದ್ಧಾನಂತರ ‘ಡಿಫೆನ್ಸ್ ಮೆಡಲ್’ ಎಂಬ ಪದಕ ದೊರೆಯಿತು. ಅದರ ರಿಬ್ಬನ್ನಿನ ನಡುವೆ ಬೆಂಕಿಯ ಬಣ್ಣ, ಎರಡು ಅಂಚಿಗೂ ಹಸಿರು, ಹಸಿರಿನೊಳಗೆ ಒಂದೊಂದು ತೆಳುವಾದ ಕಪ್ಪು ಗೆರೆ. ಬೆಂಕಿಯ ಬಣ್ಣ ಶತ್ರುವಿನ ಬಾಂಬಿಗೆ, ಹಸಿರು ಆ ದೇಶದ ನೆಲಕ್ಕೆ, ಕಪ್ಪು ಗೆರೆ ದೀಪವಾರಿಸಿ ಕುಳಿತ ರಾತ್ರಿಗಳಿಗೆ. ಕೆಲವೇ ನೂಲಿನಲ್ಲಿ ಐದು ವರ್ಷದ ಕಥೆಯನ್ನು ಹೇಳಿದ್ದಾರೆ, ನೋಡಿ.

ನಮ್ಮ ದೇಶದಲ್ಲಿ ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರಿನಲ್ಲಿ, ಮುಂಬಯಿ ಪ್ರಾಂತದಲ್ಲಿ. ಆಗಿನ ಗಲಭೆಗಳ ಕಾಲದಲ್ಲಿ ಪೋಲೀಸರಿಗೆ ನೆರವಾಗಲು ನಾಗರಿಕರಿಂದಲೇ ಕೂಡಿದ ದಳ ಅದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದುವು. 1962ರಲ್ಲಿ ಚೀನಾದ ಆಕ್ರಮಣವಾದ ಮೇಲೆ ಕೇಂದ್ರ ಸರ್ಕಾರದ ಸಲಹೆಯಂತೆ ಎಲ್ಲ ರಾಜ್ಯಗಳಲ್ಲಿಯೂ ಈ ದಳಗಳು ಒಂದು ಮಾದರಿಗೆ ಬಂದುವು. ನಮ್ಮ ರಾಜ್ಯದ ಗೃಹರಕ್ಷಕ ದಳದ ಕಾಯಿದೆಯೂ ಅದೇ 1962ರದು. ಡಿಸೆಂಬರ್ 6ನೆಯ ದಿನವನ್ನು ದಳದ ಸಂಸ್ಥಾಪನ ದಿನವೆಂದು ಇಂದಿಗೂ ಆಚರಿಸುತ್ತಾರೆ. ಇದು ತಿಂಗಳ ಸಂಬಳದ ನೌಕರಿಯಲ್ಲ. ಕರ್ತವ್ಯಕ್ಕೆ ಕರೆದ ದಿನಗಳಿಗೆ ಭತ್ಯೆಯುಂಟು. ದಸರೆಯ ಜನಸಂದಣಿಯಲ್ಲಿ, ಚುನಾವಣೆಯ ಮತಗಟ್ಟೆಯಲ್ಲಿ, ನೆರೆ ಬಂದ ಹಳ್ಳಿಯಲ್ಲಿ ಅವರು ನಿಂತಿರುವುದನ್ನು ನೀವು ಕಂಡಿದ್ದೀರಿ. ದಳದ ಧ್ಯೇಯವಾಕ್ಯ ಎರಡೇ ಮಾತು: ‘ನಿಷ್ಕಾಮ ಸೇವಾ’.

ಹೀಗೆ ನೆರವಿಗೆ ನಿಂತ ದಳಗಳ ಉಡುಪಿನಲ್ಲಿ ಒಂದು ಸೂಕ್ಷ್ಮವುಂಟು. ಅದು ಮುಖ್ಯ ದಳದ ಉಡುಪನ್ನು ಹೋಲಬೇಕು. ಆದರೆ ಅದೇ ಆಗಿಬಿಡಕೂಡದು. ಅಮೆರಿಕೆಯಲ್ಲಿ ಕರಾವಳಿ ರಕ್ಷಣಾ ದಳಕ್ಕೆ ಸಹಾಯಕವಾಗಿ 1939ರಲ್ಲಿ ಆರಂಭವಾದ ಸ್ವಯಂಸೇವಕ ಸಂಸ್ಥೆಯೊಂದಿದೆ. ಅವರ ವಿಧ್ಯುಕ್ತ ಉಡುಪು ಮೂಲ ದಳದ ಉಡುಪಿನಂತೆಯೇ ಇದ್ದರೂ, ಅಲ್ಲಿ ಜರತಾರಿ ಚಿನ್ನದ ಬಣ್ಣದ್ದಾದರೆ ಇಲ್ಲಿ ಬೆಳ್ಳಿಯ ಬಣ್ಣದ್ದು. ಹತ್ತಿರ ಬಂದವನಿಗೆ ವ್ಯತ್ಯಾಸ ತಿಳಿಯಬೇಕು ಎಂಬುದೇ ಅದರ ಅರ್ಥ. ನಮ್ಮಲ್ಲಿ ಭುಜದ ಮೇಲಿನ ಲೋಹದ ಅಕ್ಷರಗಳು, ಟೋಪಿಯ ಲಾಂಛನ, ದರ್ಜೆಯ ಗುರುತು ಇವು ಆ ಕೆಲಸವನ್ನು ಮಾಡುತ್ತವೆ. ಆದುದರಿಂದ ಇವುಗಳಲ್ಲಿ ಯಾವುದನ್ನೂ ಮರೆಯಬಾರದು, ಮರೆಮಾಡಲೂ ಬಾರದು. ಅಕ್ಷರ ಸಡಿಲವಾಯಿತೆಂದು ತೆಗೆದಿಟ್ಟು ಹಾಗೆಯೇ ಪೆರೇಡಿಗೆ ಹೋದರೆ, ನಿಮ್ಮನ್ನು ಪೋಲೀಸರೆಂದು ತಿಳಿದ ಮುದುಕಿಯೊಬ್ಬಳು ಆ ಅಧಿಕಾರ ನಿಮಗಿದೆಯೆಂದೇ ನಂಬಿ ನಿಮ್ಮ ಬಳಿ ದೂರು ತಂದಾಳು. ಅವಳ ನಂಬಿಕೆಗೆ ಮೋಸವಾಗಬಾರದು.

ಈ ವಿಷಯದಲ್ಲಿ ಕಾನೂನೂ ಸುಮ್ಮನಿಲ್ಲ. ಸೈನಿಕನಲ್ಲದವನು, ತಾನು ಸೈನಿಕನೆಂದು ಜನ ನಂಬಲೆಂಬ ಉದ್ದೇಶದಿಂದ ಸೈನಿಕನ ಉಡುಪನ್ನು ಹೋಲುವ ಉಡುಪು ತೊಟ್ಟರೆ ಅಥವಾ ಅಂಥ ಚಿಹ್ನೆಯನ್ನು ಧರಿಸಿದರೆ ಮೂರು ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದೆಂದು ಭಾರತೀಯ ನ್ಯಾಯ ಸಂಹಿತೆಯ 168ನೆಯ ವಿಧಿ ಹೇಳುತ್ತದೆ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ದಂಡಸಂಹಿತೆಯಲ್ಲಿಯೂ ಇಂಥ ವಿಧಿ ಇದ್ದೇ ಇತ್ತು. ನಾಟಕದಲ್ಲಿ ಸಿಪಾಯಿಯ ವೇಷ ಹಾಕಿದವನು ಹೆದರಬೇಕಾಗಿಲ್ಲ. ಅಪರಾಧವಿರುವುದು ಬಟ್ಟೆಯಲ್ಲಲ್ಲ, ನಂಬಿಸುವ ಉದ್ದೇಶದಲ್ಲಿ.

ಇನ್ನು ಉಡುಪಿನ ಸಿದ್ಧತೆಗೆ ಬರೋಣ. ಖಾಕಿ ಎಂಬ ಮಾತು ಧೂಳು ಎಂಬ ಅರ್ಥದ ‘ಖಾಕ್’ ಶಬ್ದದಿಂದ ಬಂದಿದೆ. ಧೂಳಿನ ಬಣ್ಣದ ಬಟ್ಟೆ ಎಂದಮಾತ್ರಕ್ಕೆ ಅದರ ಮೇಲೆ ಧೂಳಿರಬಹುದೆಂದಲ್ಲ! ವಿಧ್ಯುಕ್ತ ಸಮಾರಂಭಕ್ಕೆ ತೊಡುವ ಉಡುಪನ್ನು ದಿನದ ಕೆಲಸಕ್ಕೆ ಬಳಸದೆ ಬೇರೆಯಾಗಿ ಇಡುವುದು ಒಳ್ಳೆಯದು. ಹಿಂದಿನ ದಿನವೇ ಅದನ್ನು ತೊಟ್ಟು ನೋಡಬೇಕು. ವರ್ಷಕ್ಕೆರಡು ಸಲ ಹೊರಬರುವ ಅಂಗಿ, ತೊಡುವವನ ಜತೆಗೆ ತಾನೂ ಬೆಳೆಯುವುದಿಲ್ಲ. ಬೆಲ್ಟಿನ ಬಕ್ಕಲು, ಅಂಗಿಯ ಗುಂಡಿಗಳ ಸಾಲು, ಷರಾಯಿಯ ಮುಂಗಟ್ಟು ಇವು ಮೂರೂ ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಲ್ಲಿರಬೇಕು. ಜೇಬುಗಳಿಗೆ ಗುಂಡಿ ಹಾಕಿರಬೇಕು. ಒಳಗೆ ದಪ್ಪನಾದ ಪರ್ಸು, ಟೆಲಿಫೋನು ತುರುಕಿ ಎದೆ ಉಬ್ಬಿರಬಾರದು. ಹೆಸರಿನ ಫಲಕ ಬಲಗಡೆಗೆ, ರಿಬ್ಬನ್ನುಗಳು ಎಡಗಡೆಗೆ. ಪೆನ್ನು ಜೇಬಿನಿಂದ ಇಣುಕಬಾರದು.

ಈಗ ರಿಬ್ಬನ್ನಿನ ವಿಷಯ. ಪದಕವನ್ನು ಧರಿಸುವ ಕ್ರಮ ಮೂರು ಬಗೆ. ಪೂರ್ಣಗಾತ್ರದ ಪದಕ ಒಂದು. ಅದರ ಅರ್ಧದಷ್ಟಿರುವ ಪುಟ್ಟ ಪದಕ ಇನ್ನೊಂದು. ಪದಕವಿಲ್ಲದೆ ರಿಬ್ಬನ್ನಿನ ತುಂಡು ಮಾತ್ರ ಮೂರನೆಯದು. ಪೆರೇಡು ಮತ್ತು ಹಗಲಿನ ವಿಧ್ಯುಕ್ತ ಸಮಾರಂಭಗಳಿಗೆ, ಅಪ್ಪಣೆಯಾದಾಗ, ಪೂರ್ಣಗಾತ್ರದ್ದು. ಸಂಜೆಯ ಭೋಜನಕೂಟದ ಉಡುಪಿಗೆ, ಅಂಥ ಉಡುಪಿರುವ ದಳಗಳಲ್ಲಿ, ಪುಟ್ಟದ್ದು. ಉಳಿದ ದಿನಗಳಿಗೆ ರಿಬ್ಬನ್ನು. ಪೂರ್ಣ ಹೆಸರಿನ ಬದಲು ಮೊದಲಕ್ಷರ ಬರೆದು ರುಜು ಹಾಕಿದಂತೆ ಈ ರಿಬ್ಬನ್ನು ಪದಕದ ಸಂಕ್ಷೇಪ. ಆದುದರಿಂದಲೇ ಪದಕವನ್ನು ತೊಟ್ಟ ದಿನ ಅದೇ ಪದಕದ ರಿಬ್ಬನ್ ಪಟ್ಟಿಯನ್ನು ಮತ್ತೆ ಧರಿಸಬಾರದು. ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ. ಯಾವ ಸಮಾರಂಭಕ್ಕೆ ಯಾವುದು ಎಂಬುದು ಆಜ್ಞಾಪತ್ರದಲ್ಲಿ ಅಥವಾ ಆಹ್ವಾನಪತ್ರಿಕೆಯಲ್ಲಿ ಇರುತ್ತದೆ. ಸಂದೇಹವಿದ್ದರೆ ಹಿಂದಿನ ದಿನವೇ ಕಮಾಂಡರನ್ನು ಕೇಳಿಬಿಡುವುದು ಲೇಸು.

ಪಟ್ಟಿಗಳ ಕ್ರಮವನ್ನು ನೆನಪಿಡುವುದಕ್ಕೆ ಒಂದು ಸುಲಭವಾದ ಉಪಾಯವಿದೆ. ನಿಮ್ಮ ಎದುರಿಗೆ ನಿಂತವನು ಕನ್ನಡ ಪುಸ್ತಕದ ಪುಟವನ್ನು ಓದುವಂತೆ, ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಬೇಕು. ಎಂದರೆ, ಎಲ್ಲಕ್ಕೂ ಹಿರಿದಾದ ಪದಕ ಮೇಲಿನ ಸಾಲಿನಲ್ಲಿ, ತೊಟ್ಟವನ ಎದೆಯ ನಡುವಿಗೆ ಹತ್ತಿರವಾಗಿ. ಕಿರಿಯವು ಕ್ರಮವಾಗಿ ಎಡತೋಳಿನ ಕಡೆಗೆ. ಒಂದು ಸಾಲಿಗೆ ಎಷ್ಟು ಎಂಬುದನ್ನು ಆಯಾ ದಳದ ನಿಯಮ ಹೇಳುತ್ತದೆ. ಸಾಮಾನ್ಯವಾಗಿ ಮೂರು ಅಥವಾ ನಾಲ್ಕು. ಸಾಲು ತುಂಬದೆ ಒಂದೆರಡು ಮಿಕ್ಕರೆ, ಆ ಕೊರೆಯಾದ ಸಾಲು ಮೇಲುಗಡೆಗೆ ಬರುತ್ತದೆ. ಪೂರ್ಣಗಾತ್ರದ ಪದಕಗಳು ಹೆಚ್ಚಾಗಿ ಒಂದರ ಮೇಲೊಂದು ಸರಿಸಬೇಕಾದಾಗ, ಹಿರಿಯ ಪದಕ ಪೂರ್ತಿಯಾಗಿ ಕಾಣುವಂತಿರಬೇಕು.

ಹಿರಿದು, ಕಿರಿದು ಎಂಬುದು ಯಾರ ಲೆಕ್ಕ? ನಮ್ಮ ಲೆಕ್ಕವಲ್ಲ. ಮೊದಲು ಸಿಕ್ಕಿದ್ದು ಮೊದಲು ಎಂಬ ನ್ಯಾಯ ಇಲ್ಲಿಲ್ಲ. ಹೊಳಪಿನದು ಮುಂದೆ ಎಂಬುದಂತೂ ಇಲ್ಲವೇ ಇಲ್ಲ. ಭಾರತ ಸರ್ಕಾರ ಪ್ರಕಟಿಸಿರುವ ಪಟ್ಟಿಯೊಂದಿದೆ. ಅದರಲ್ಲಿ ಭಾರತ ರತ್ನದ ನಂತರ ಪರಮವೀರ ಚಕ್ರ, ಆಮೇಲೆ ಅಶೋಕ ಚಕ್ರ, ಅದರ ಬಳಿಕ ಪದ್ಮವಿಭೂಷಣ, ಪದ್ಮಭೂಷಣ, ಹೀಗೆ ಸಾಗುತ್ತದೆ. ಪರದೇಶದ ಸರ್ಕಾರ ಕೊಟ್ಟದ್ದು ಕೊನೆಗೆ, ಅದೂ ಅನುಮತಿ ಪಡೆದ ಮೇಲೆ. ಊರಿನ ಸಂಘ ಕೊಟ್ಟ ಸನ್ಮಾನದ ಪದಕ, ಓಟದ ಪಂದ್ಯದಲ್ಲಿ ಗೆದ್ದ ಪದಕ ಇವು ಮನೆಯ ಷೋಕೇಸಿಗೆ ಶೋಭೆ. ಸಮವಸ್ತ್ರದ ಮೇಲೆ ಅವಕ್ಕೆ ಸ್ಥಳವಿಲ್ಲ. ಅವು ಕೀಳೆಂದು ಇದರ ಅರ್ಥವಲ್ಲ. ಸಮವಸ್ತ್ರ ಮಾತನಾಡುವುದು ಸರ್ಕಾರದ ಭಾಷೆಯನ್ನು; ಆ ಭಾಷೆಯಲ್ಲಿಲ್ಲದ ಪದವನ್ನು ನಾವು ಸೇರಿಸಲಾಗದು.

ರಿಬ್ಬನ್ನಿನ ಬಣ್ಣಗಳೂ ಸುಮ್ಮನೆ ಆರಿಸಿದವಲ್ಲ. ಪರಮವೀರ ಚಕ್ರದ ರಿಬ್ಬನ್ನು ಅಪ್ಪಟ ನೇರಳೆ, ಅಗಲ 32 ಮಿಲಿಮೀಟರು. ಆ ಪದಕವನ್ನು ಎರಡನೆಯ ಸಲ ಗಳಿಸಿದವರಿದ್ದರೆ, ರಿಬ್ಬನ್ನಷ್ಟನ್ನೇ ಧರಿಸುವಾಗ ಅದರ ಮೇಲೆ ಇಂದ್ರನ ವಜ್ರಾಯುಧದ ಪುಟ್ಟ ಪ್ರತಿಕೃತಿಯನ್ನು ಸೇರಿಸಬೇಕೆಂದು ನಿಯಮವಿದೆ. ಮಹಾವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕಿತ್ತಳೆ. ಕಿತ್ತಳೆಯ ಅರ್ಧ ಎಡಭುಜದ ಕಡೆಗಿರಬೇಕು. ಹೊಲಿಯುವವರು ಅವಸರದಲ್ಲಿ ತಿರುಗಿಸಿ ಹೊಲಿದರೆ ಅದು ಅಕ್ಷರವನ್ನು ತಲೆಕೆಳಗಾಗಿ ಬರೆದಂತೆಯೇ. ಅಶೋಕ ಚಕ್ರದ್ದು ಹಸಿರು. ನಡುವೆ ಒಂದು ಕಿತ್ತಳೆ ಗೆರೆ. ಕೀರ್ತಿ ಚಕ್ರದ್ದೂ ಹಸಿರೇ, ಆದರೆ ಗೆರೆ ಎರಡು. ಶೌರ್ಯ ಚಕ್ರಕ್ಕೆ ಮೂರು ಗೆರೆ. ಈ ಮೂರೂ 1952ರಲ್ಲಿ ಅಶೋಕ ಚಕ್ರದ ಮೂರು ದರ್ಜೆಗಳಾಗಿ ಹುಟ್ಟಿ, 1967ರಲ್ಲಿ ಈಗಿನ ಹೆಸರುಗಳನ್ನು ಪಡೆದುವು. ದರ್ಜೆಯ ಅಂಕಿ ಹೆಸರಿನಿಂದ ಅಳಿಸಿಹೋದರೂ ಗೆರೆಗಳಲ್ಲಿ ಉಳಿದುಕೊಂಡಿದೆ. ಒಂದು ಗೆರೆಯ ಹಸಿರು ಪಟ್ಟಿ ನಮ್ಮವರ ಮನೆಗಳಿಗೂ ಬಂದಿದೆ. ಬೆಂಗಳೂರಿನ ಕರ್ನಲ್ ವಸಂತ ವೇಣುಗೋಪಾಲ್, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಇವರಿಬ್ಬರಿಗೂ ಅಶೋಕ ಚಕ್ರ ಮರಣೋತ್ತರವಾಗಿ ಸಂದಿತು. 1986ರಲ್ಲಿ ಕರಾಚಿಯಲ್ಲಿ ವಿಮಾನದ ಪ್ರಯಾಣಿಕರನ್ನು ಉಳಿಸುತ್ತ ಪ್ರಾಣಬಿಟ್ಟ ನೀರಜಾ ಭಾನೋಟ್ ಸೈನ್ಯಕ್ಕೆ ಸೇರಿದವರೇ ಅಲ್ಲ. ಅವರಿಗೂ ಅದೇ ಗೌರವ ಸಂದಿದೆ. ಅಂಥ ಪಟ್ಟಿಯನ್ನು ತಪ್ಪು ಸ್ಥಳದಲ್ಲಿ ಚುಚ್ಚುವುದು ಸಣ್ಣ ಮಾತೇ?

ಗೃಹರಕ್ಷಕರು ಮತ್ತು ನಾಗರಿಕ ರಕ್ಷಣಾ ದಳದವರಿಗೆ ರಾಷ್ಟ್ರಪತಿಗಳ ಹೆಸರಿನ ಪದಕಗಳು ಗಣರಾಜ್ಯದಿನ ಮತ್ತು ಸ್ವಾತಂತ್ರ್ಯದಿನಗಳ ಹೊತ್ತಿಗೆ ಪ್ರಕಟವಾಗುತ್ತವೆ. ಮೊದಲು ಪೋಲೀಸರಿಗೆ, ಅಗ್ನಿಶಾಮಕರಿಗೆ, ಗೃಹರಕ್ಷಕರಿಗೆ, ಸೆರೆಮನೆಯ ಸಿಬ್ಬಂದಿಗೆ ಬೇರೆಬೇರೆಯಾಗಿ ಇದ್ದ 16 ಬಗೆಯ ಪದಕಗಳನ್ನು 2024ರಲ್ಲಿ ಒಂದುಗೂಡಿಸಿ ನಾಲ್ಕು ಬಗೆ ಮಾಡಿದರು. ಶೌರ್ಯಕ್ಕೆ ಎರಡು, ಸೇವೆಗೆ ಎರಡು. ಹೀಗಾಗಿ ಮುಂದಿನ ಅನೇಕ ವರ್ಷ ಒಂದೇ ಸಾಲಿನಲ್ಲಿ ಹಳೆಯ ಹೆಸರಿನ ಪದಕವೂ ಹೊಸ ಹೆಸರಿನದೂ ಕಂಡರೆ ಆಶ್ಚರ್ಯಪಡಬೇಡಿ. ಇವಲ್ಲದೆ ನೀರಿಗೆ ಬಿದ್ದವರನ್ನು, ಬೆಂಕಿಗೆ ಸಿಕ್ಕವರನ್ನು ಉಳಿಸಿದ ಸಾಮಾನ್ಯ ನಾಗರಿಕರಿಗೂ 1961ರಿಂದ ಜೀವನ ರಕ್ಷಾ ಪದಕಗಳಿವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಿಷ್ಕಾಮ ಸೇವೆ ಎಂದು ಹೇಳಿಕೊಂಡ ಮೇಲೆ ಪದಕವೇಕೆ, ಪಟ್ಟಿಯೇಕೆ? ಸೇವೆ ಮಾಡಿ ಅದನ್ನು ಎದೆಯ ಮೇಲೆ ತೋರಿಸಿಕೊಳ್ಳುವುದು ಕಾಮನೆಯಲ್ಲವೇ? ಈ ಸಂಕೋಚದಿಂದಲೇ ಎಷ್ಟೋ ಮಂದಿ ಹಿರಿಯ ಸ್ವಯಂಸೇವಕರು ಪದಕವನ್ನು ಹೊರಗೆ ತೆಗೆಯುವುದಿಲ್ಲ. ಬ್ರಿಟನ್ನಿನಲ್ಲಿಯೂ ಡಿಫೆನ್ಸ್ ಮೆಡಲನ್ನು ಅರ್ಜಿ ಹಾಕಿ ತರಿಸಿಕೊಳ್ಳಬೇಕಾಗಿದ್ದುದರಿಂದ ಅನೇಕರು ತರಿಸಲೇ ಇಲ್ಲ.

ಈ ಸಂಕೋಚ ದೊಡ್ಡ ಗುಣವೇ. ಆದರೆ ಸ್ವಲ್ಪ ವಿಚಾರಮಾಡಿ. ಸಂಬಳದ ನೌಕರನ ಸೇವೆಗೆ ಕಡತವುಂಟು, ಬಡ್ತಿಯುಂಟು, ಪಿಂಚಣಿಯ ಪುಸ್ತಕವುಂಟು. ಸ್ವಯಂಸೇವಕನಿಗೆ ಇರುವ ಕಡತ ಆ ರಿಬ್ಬನ್ನಿನ ತುಂಡೇ. ಆ ನೆರೆಯ ರಾತ್ರಿ ಅವನ ಜತೆಯಲ್ಲಿ ಹಗ್ಗ ಹಿಡಿದವರ ಹೆಸರೂ ಆ ತುಂಡಿನಲ್ಲಿದೆ. ಅವನು ಅದನ್ನು ಮುಚ್ಚಿಟ್ಟರೆ ಅವರೆಲ್ಲರ ಕೆಲಸವನ್ನೂ ಮುಚ್ಚಿಟ್ಟಂತೆ. ಹೊಸದಾಗಿ ಸೇರಿದ ಹುಡುಗ ಸಾಲಿನಲ್ಲಿ ನಿಂತು, ಪಕ್ಕದವರ ಎದೆಯ ಪಟ್ಟಿಯನ್ನು ನೋಡಿ, ‘ಇದು ಯಾವಾಗಿನದು?’ ಎಂದು ಕೇಳಿದಾಗಲೇ ದಳದ ಚರಿತ್ರೆ ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟುವುದು. ಆದುದರಿಂದ ಗಳಿಸಿದ್ದನ್ನು ಧರಿಸುವುದು ಜಂಬವಲ್ಲ, ಕರ್ತವ್ಯ. ಗಳಿಸದ್ದನ್ನು ಧರಿಸುವುದಂತೂ ಕಳ್ಳತನಕ್ಕಿಂತ ಹೆಚ್ಚಿನದು. ಹಣ ಕೊಟ್ಟರೆ ರಿಬ್ಬನ್ನಿನ ತುಂಡು ಅಂಗಡಿಯಲ್ಲಿ ಸಿಗುತ್ತದೆ. ಹರಿದುಹೋದುದರ ಬದಲಿಗೆ ಹೊಸದನ್ನು ಕೊಳ್ಳಲು ಅದು ಅನುಕೂಲ. ಆದರೆ ಒಬ್ಬನು ಚಂದಕ್ಕೆಂದು ಒಂದು ತುಂಡನ್ನು ಹೆಚ್ಚಾಗಿ ಚುಚ್ಚಿಕೊಂಡರೆ, ಸಾಲಿನಲ್ಲಿರುವ ಎಲ್ಲರ ಪಟ್ಟಿಗಳ ಮೇಲೂ ಸಂದೇಹ ಬೀಳುತ್ತದೆ. ಖೋಟಾ ನಾಣ್ಯ ಒಂದಿದ್ದರೆ ಅಂಗಡಿಯವನು ಒಳ್ಳೆಯ ನಾಣ್ಯಗಳನ್ನೂ ಬಡಿದು ನೋಡುತ್ತಾನಲ್ಲವೇ?

ಇದಕ್ಕೇ ಸೇರಿದ ಇನ್ನೊಂದು ಮಾತು. ಭಾರತ ರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತು. ಮದುವೆಯ ಕಾಗದದಲ್ಲಿ ಹೆಸರಿನ ಹಿಂದೆ ‘ಪದ್ಮಶ್ರೀ’ ಎಂದು ಅಚ್ಚುಮಾಡಿಸುವವರು ಇದನ್ನು ಗಮನಿಸಬೇಕು. ಅದರ ಸ್ಥಳ ಎದೆಯ ಮೇಲೆ, ಅದೂ ತಕ್ಕ ಸಮಾರಂಭದಲ್ಲಿ.

ಸಮವಸ್ತ್ರ ತೊಟ್ಟವನ ನಡೆಯೂ ಬೇರೆಯಾಗುತ್ತದೆ. ಧ್ವಜ ಏರುವಾಗ ಎಲ್ಲರೂ ಅದರ ಕಡೆಗೆ ಮುಖಮಾಡಿ ನೆಟ್ಟಗೆ ನಿಲ್ಲಬೇಕು. ಸಮವಸ್ತ್ರದಲ್ಲಿರುವವರು ತಕ್ಕ ರೀತಿಯಲ್ಲಿ ವಂದನೆಯನ್ನೂ ಸಲ್ಲಿಸಬೇಕು ಎಂದು 2002ರ ಧ್ವಜಸಂಹಿತೆ ಹೇಳುತ್ತದೆ. ಪೆರೇಡು ಮುಗಿದೊಡನೆ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ, ಮೇಲುಗುಂಡಿ ಬಿಚ್ಚಿ, ಬೀದಿಯಲ್ಲಿ ನಿಂತು ಹರಟುವುದು ಕೂಡದು. ಕಾಫಿ ಕುಡಿಯಬಾರದೆಂದಲ್ಲ, ಕುಡಿಯುವುದು ನೀವೊಬ್ಬರೇ ಆದರೂ ನೋಡುವವರಿಗೆ ಕಾಣುವುದು ಇಡೀ ದಳ.

ದಳದಿಂದ ನಿವೃತ್ತರಾದವರು ಸಮವಸ್ತ್ರವನ್ನು ಹಿಂದಿರುಗಿಸಬೇಕಾಗುತ್ತದೆ. ಆದರೆ ಪದಕ ಅವರದೇ. ಅಂಥವರು ಸಂಸ್ಥಾಪನ ದಿನದ ಸಮಾರಂಭಕ್ಕೆ ಬಂದರೆ ಕೋಟಿನ ಎಡ ಎದೆಯ ಮೇಲೆ ಪೂರ್ಣಗಾತ್ರದ ಪದಕವನ್ನು ಧರಿಸಬಹುದು. ರಿಬ್ಬನ್ ಪಟ್ಟಿ ಮಾತ್ರ ಸಾದಾ ಉಡುಪಿಗೆ ಒಪ್ಪುವುದಿಲ್ಲ. ಸೀರೆ ಉಟ್ಟ ಮಹಿಳೆಯರು ಸೆರಗಿನ ಮಡಿಕೆಗಳನ್ನು ಎಡಭುಜದ ಬಳಿ ಪಿನ್ನಿನಿಂದ ಭದ್ರಪಡಿಸಿ, ಒಳಗೆ ದಪ್ಪ ಬಟ್ಟೆಯ ಚೂರೊಂದನ್ನು ಕೊಟ್ಟು ಅದರ ಮೇಲೆ ಪದಕವನ್ನು ಚುಚ್ಚಿದರೆ ಭಾರಕ್ಕೆ ರೇಷ್ಮೆ ಹರಿಯುವುದಿಲ್ಲ.

ಇನ್ನು ಮನೆಯವರಿಗಾಗಿ ನಾಲ್ಕು ಮಾತು. ರಿಬ್ಬನ್ನನ್ನು ಸೋಪಿನಲ್ಲಿ ಒಗೆಯಬೇಡಿ. ಬಣ್ಣ ಒಂದರೊಳಗೊಂದು ಹರಿದು ಗೆರೆಗಳು ಕೆಡುತ್ತವೆ. ಅಂಗಿ ಒಗೆಯುವ ಮೊದಲು ಪಟ್ಟಿಯನ್ನು ತಪ್ಪದೆ ಬಿಚ್ಚಿಡಿ. ಗುಂಡಿ ಬಕ್ಕಲುಗಳಿಗೆ ಹಚ್ಚುವ ಪಾಲಿಷನ್ನು ಪದಕಕ್ಕೆ ಹಚ್ಚಬೇಡಿ. ಪ್ರತಿ ಸಲವೂ ಲೋಹ ಕಣ್ಣಿಗೆ ಕಾಣದಷ್ಟು ಸವೆದು, ಕೆಲವು ವರ್ಷಗಳಲ್ಲಿ ಅಕ್ಷರಗಳು ಮಾಸಿಹೋಗುತ್ತವೆ, ಮುಲಾಮು ಎದ್ದುಬರುತ್ತದೆ. ಮೃದುವಾದ ಒಣಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲು ಬೀಳುವ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗಿದರೆ ರಿಬ್ಬನ್ನು ಬಿಳಿಚಿಕೊಳ್ಳುತ್ತದೆ. ಪದಕದ ಜತೆಗೆ ಬಂದ ಪ್ರಶಂಸಾಪತ್ರವನ್ನು ಮಾತ್ರ ಎಂದಿಗೂ ಕಳೆಯಬೇಡಿ. ಪತ್ರವಿಲ್ಲದ ಪದಕ ವಿಳಾಸವಿಲ್ಲದ ಲಕೋಟೆಯಂತೆ.

ಪದಕ ಪಡೆದವರು ತೀರಿಕೊಂಡ ಮೇಲೆ? ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಸ್ಮರಣದಿನದಂದು ಮಕ್ಕಳು, ಮೊಮ್ಮಕ್ಕಳು ಹಿರಿಯರ ಪದಕವನ್ನು ಬಲ ಎದೆಯ ಮೇಲೆ ಧರಿಸಿ ಬರುತ್ತಾರೆ. ಎಡ ಎದೆ ತಾನೇ ಗಳಿಸಿದವನದು. ಬಲ ಎದೆ ನೆನೆಯುವವನದು. ‘ಇದು ನನ್ನದಲ್ಲ, ನನ್ನವರದು’ ಎಂದು ಅಷ್ಟು ಸ್ಪಷ್ಟವಾಗಿ ಬಾಯಿಬಿಡದೆ ಹೇಳುವ ಉಪಾಯ ಇನ್ನೊಂದಿರಲಾರದು.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥದೊಂದು ಇದ್ದರೆ ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಒಂದು ಕಾಗದದ ಮೇಲೆ ಅದು ಯಾರದು, ಯಾವ ದಳದ್ದು, ಯಾವ ವರ್ಷದ್ದು ಎಂದು ಮೂರು ಸಾಲು ಬರೆದು ಜತೆಗಿಡಿ. ಪಡೆದವರು ಬದುಕಿದ್ದರೆ ಅವರನ್ನೇ ಕೇಳಿ ಬರೆಯಿರಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದಿನ ಸಮಾರಂಭದ ಬೆಳಗ್ಗೆ ಅವರ ಎದೆಯ ಮೇಲೆ ಆ ಪಟ್ಟಿಯನ್ನು ನೇರವಾಗಿ ಚುಚ್ಚುವ ಕೆಲಸವನ್ನು ಆ ಮಕ್ಕಳಿಗೇ ಕೊಡಿ. ಎಡಗಡೆಗೆ, ಜೇಬಿನ ಮೇಲೆ, ಹಿರಿದು ನಡುವಿಗೆ ಎಂದು ಅವರು ಒಮ್ಮೆ ಕಲಿತರೆ ಮರೆಯುವುದಿಲ್ಲ.